ಉಮೇದುವಾರರ ಪತ್ರ

ರಾಯಚೂರಿನಿಂದ ಉತ್ತರಾಭಿಮುಖವಾಗಿ ಹೊರಟು ಕೃಷ್ಣಾ ನದಿಯ ಸೇತುವೆಯನ್ನು ಸಮೀಪಿಸುವ ಪ್ರಯಾಣಿಕನ ಕಣ್ಣಿಗೆ ನದಿಗಿಂತ ಮೊದಲು ಬೀಳುವುವು ಮುಗಿಲಿಗೆ ಮುಖವೆತ್ತಿ ನಿಂತ ಹೊಗೆಗೊಳವೆಗಳು. ಅವುಗಳ ಬುಡದಲ್ಲಿ ಶಕ್ತಿನಗರ. ಅದಕ್ಕೆ ಹೊಂದಿಕೊಂಡಂತೆ ಸೂಗೂರೇಶ್ವರನ ಸನ್ನಿಧಿಯಾದ ದೇವಸುಗೂರು. ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಪಡೆಯುವ ಕರ್ನಾಟಕದ ಮೊತ್ತಮೊದಲ ಕೇಂದ್ರವು ಇಲ್ಲಿ ತಲೆಯೆತ್ತಿ, 1985ರಲ್ಲಿ ಅದರ ಪ್ರಥಮ ಘಟಕ ಕಾರ್ಯಾರಂಭ ಮಾಡಿತು. ಅನಂತರದ ಕಾಲು ಶತಮಾನದೊಳಗಾಗಿ 210 ಮೆಗಾವ್ಯಾಟಿನ ಏಳು, 250 ಮೆಗಾವ್ಯಾಟಿನ ಒಂದು, ಹೀಗೆ ಎಂಟು ಘಟಕಗಳಾಗಿ, ಅದರ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟಿಗೆ ಏರಿತು. ಕಲ್ಲಿದ್ದಲು ರೈಲಿನಲ್ಲಿ ಬಂದಿತು. ನೀರನ್ನು ಕೃಷ್ಣೆ ಕೊಟ್ಟಳು. ಬೂದಿ ಊರಿನ ಪಾಲಿಗೆ ಉಳಿಯಿತು. ಬೆಳಕು ತಂತಿಯನ್ನೇರಿ ನಾಡಿನ ಉದ್ದಗಲಕ್ಕೂ ಹೋಯಿತು.

ಹೀಗೆ ಹೋಗುವ ಬೆಳಕು ಯಾರಿಗೂ ಅರ್ಜಿ ಹಾಕಿಕೊಳ್ಳಬೇಕಾಗಿಲ್ಲ. ಆದರೆ ಆ ಬೆಳಕಿನ ಬುಡದಲ್ಲಿ ಹುಟ್ಟಿ ಬೆಳೆದ ಹುಡುಗನೋ ಹುಡುಗಿಯೋ ನಾಲ್ಕಾರು ತಿಂಗಳು ಒಂದು ಕಾರ್ಖಾನೆಯಲ್ಲಿ ನಿಂತು ಕೆಲಸ ಕಲಿಯಬೇಕೆಂದರೆ ಮೊದಲು ಒಂದು ಪುಟದ ಪತ್ರವನ್ನು ಬರೆಯಬೇಕು. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಇರಬೇಕು. ಓದಿದ ವಿದ್ಯೆ, ಪಡೆದ ಅಂಕ, ಮಾಡಿದ ಪ್ರಯೋಗ ಎಲ್ಲವೂ ಬೇರೆ ಹಾಳೆಗಳಲ್ಲಿ ಇರುತ್ತವೆ. ಅವುಗಳ ಮುಂದೆ ಬಾಗಿಲು ತಟ್ಟುವ ಕೆಲಸ ಈ ಒಂದು ಪುಟದ್ದು. ಕವರ್ ಲೆಟರ್ ಎಂದು ಕಾಲೇಜಿನ ಹುಡುಗರು ಇದನ್ನು ಕರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಪರೀಕ್ಷೆಗಿಂತ ಹೆಚ್ಚು ನಿದ್ದೆಗೆಡಿಸುವುದು ಇದೇ. ಹಲವರು ಬರೆದು ಹರಿಯುತ್ತಾರೆ. ಕೆಲವರು ಬರೆಯುವುದನ್ನೇ ಬಿಟ್ಟು, 'ನಮ್ಮಂಥವರಿಗಲ್ಲ' ಎಂದು ಸುಮ್ಮನಾಗುತ್ತಾರೆ. ಯೋಗ್ಯತೆಯ ಕೊರತೆಯಿಂದಲ್ಲದೆ ಒಂದು ಪುಟದ ಭಯದಿಂದ ಒಬ್ಬ ತರುಣಿಯ ಮುಂದಿನ ದಾರಿ ಮುಚ್ಚಿಹೋಗುವುದಾದರೆ, ಆ ಪುಟದ ವಿಚಾರವನ್ನು ಸ್ವಲ್ಪ ಕುಳಿತು ನೋಡುವುದು ಯುಕ್ತವೇ ಸರಿ.

ಹಳೆಯ ಉಮೇದುವಾರ, ಹೊಸ ಇಂಟರ್ನ್

ಇಂಟರ್ನ್‌ಶಿಪ್ ಎಂಬ ಮಾತು ಹೊಸದಾದರೂ ಅದು ಸೂಚಿಸುವ ವ್ಯಕ್ತಿ ಹೊಸಬನಲ್ಲ. ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರನೆಂಬ ಒಬ್ಬ ಪ್ರಾಣಿ ಇರುತ್ತಿದ್ದ. ಗುಮಾಸ್ತರ ಮಗ್ಗುಲಲ್ಲಿ ಕುಳಿತು ಕಾಗದಗಳ ನಕಲು ತೆಗೆಯುವುದು, ಲೆಕ್ಕ ಕೂಡುವುದು, ಹೇಳಿದ ಕಡೆಗೆ ಓಡುವುದು ಅವನ ಕೆಲಸ. ಸಂಬಳವೆಂಬುದು ಅವನಿಗೆ ಇರಲಿಲ್ಲ. ಎಂದಾದರೂ ಜಾಗ ತೆರವಾದೀತೆಂಬ ಆಶೆಯೊಂದೇ ಅವನ ಬಂಡವಾಳ. ಪಾರಸಿಯಲ್ಲಿ ಉಮೇದು ಎಂದರೆ ಆಶೆ, ಆಶೆಯುಳ್ಳವನೇ ಉಮೇದುವಾರ. ಇಂದು ಉತ್ತರ ಕರ್ನಾಟಕದಲ್ಲಿ ಈ ಶಬ್ದ ಚುನಾವಣೆಗೆ ನಿಂತವರ ಪಾಲಾಗಿದೆಯಾದರೂ, ಅದರ ಹಳೆಯ ಅರ್ಥಕ್ಕೆ ನಿಜವಾದ ವಾರಸುದಾರರು ಇಂದಿನ ಇಂಟರ್ನ್‌ಗಳೇ.

ಕೆಲಸ ಕಲಿಯುವವರಿಗಾಗಿ ಭಾರತ ಸರ್ಕಾರ 1961ರಲ್ಲಿಯೇ ಅಪ್ರೆಂಟಿಸ್ ಕಾಯಿದೆಯನ್ನು ಮಾಡಿತು. ಆರಂಭದಲ್ಲಿ ಕುಶಲಕರ್ಮಿಗಳಿಗಾಗಿ ಇದ್ದ ಅದರ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಬಂದರು. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತು 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ಪಿಗೆ ಕಡ್ಡಾಯದ ಸ್ಥಾನ ದೊರೆಯಿತು. ದೇಶದ ಐನೂರು ದೊಡ್ಡ ಕಂಪನಿಗಳಲ್ಲಿ ತರುಣರಿಗೆ ಒಂದು ವರ್ಷದ ಅನುಭವ ಕೊಡಿಸುವ ಪ್ರಧಾನಮಂತ್ರಿಯವರ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಆಗ ತಿಂಗಳಿಗೆ 5,000 ರೂಪಾಯಿಗಳ ಸಹಾಯಧನ ಗೊತ್ತುಪಡಿಸಲಾಗಿತ್ತು. ಹೀಗಾಗಿ, ಒಂದು ಕಾಲಕ್ಕೆ ಮಹಾನಗರದ ಕೆಲಮಂದಿ ವಿದ್ಯಾರ್ಥಿಗಳಿಗೆ ಮಾತ್ರ ಬೇಕಾಗಿದ್ದ ಪತ್ರಲೇಖನ ವಿದ್ಯೆ ಈಗ ಮಾನ್ವಿಯ ರೈತನ ಮಗಳಿಗೂ, ದೇವದುರ್ಗದಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದವರ ಮಗನಿಗೂ ಬೇಕಾಗಿದೆ.

ಪರಭಾಷೆಯಲ್ಲಿ ಬಿನ್ನಹ

ಆಳುವವರ ಭಾಷೆಯಲ್ಲಿ ಬಿನ್ನವಿಸಿಕೊಳ್ಳುವ ಕಷ್ಟ ಈ ಸೀಮೆಗೆ ಹೊಸದೆಂದು ಯಾರೂ ಹೇಳಲಾರರು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನು ಸ್ಪಷ್ಟವಾಗಿ ತೋರಿಸಿಕೊಟ್ಟು ಇತಿಹಾಸಕಾರರಿಗೆ ಮಹದುಪಕಾರ ಮಾಡಿದ ಆ ಬಂಡೆಯ ಶಾಸನ ಇರುವುದು ಪ್ರಾಕೃತದಲ್ಲಿ, ಬ್ರಾಹ್ಮೀ ಲಿಪಿಯಲ್ಲಿ. ದೊರೆಯ ಮಾತು ದೊರೆಯ ಆಡಳಿತ ಭಾಷೆಯಲ್ಲಿ ಬಂತು. ಅದಾಗಿ ಎರಡು ಸಾವಿರ ವರ್ಷಗಳ ಮೇಲೆ, ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿ, ಕಚೇರಿಯ ಭಾಷೆ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ ಕನ್ನಡವಾಡುವ ರೈತ ತನ್ನ ಹೊಲದ ತಕರಾರನ್ನು ಹೇಳಿಕೊಳ್ಳಬೇಕಾದರೆ ಉರ್ದು ಬಲ್ಲ ಬರಹಗಾರನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ತನ್ನ ಸಂಕಟವನ್ನು ಒಪ್ಪಿಸಬೇಕಾಗಿತ್ತು. ಅವನು ಬರೆದುದೇನೆಂಬುದು ಇವನಿಗೆ ತಿಳಿಯದು. ಹೆಬ್ಬೆಟ್ಟನ್ನು ಒತ್ತುವುದಷ್ಟೇ ಇವನ ಪಾಲಿನ ಸಾಹಿತ್ಯ.

ಆ ಕಾಲದ ಗುರುತು ಕನ್ನಡದ ಮೈಮೇಲೆ ಇಂದಿಗೂ ಉಳಿದಿದೆ. ಅರ್ಜಿ, ದರಖಾಸ್ತು, ಶಿಫಾರಸು, ಮಂಜೂರು, ಹಾಜರಿ, ನೌಕರಿ ಇವೆಲ್ಲ ಪಾರಸಿ, ಅರಬ್ಬಿಗಳ ದಾರಿಯಿಂದ ಬಂದ ಶಬ್ದಗಳು. ಬೇಡುವ ಮಾತು, ಕೊಡುವ ಮಾತು ಎರಡೂ ಕಚೇರಿಯ ಭಾಷೆಯಿಂದಲೇ ಬಂದುವು. ಬಂದವು ನೆಂಟರಂತೆ ಉಳಿದು ಮನೆಯವರೇ ಆದುವು. 1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1963ರಲ್ಲಿ ರಾಜಭಾಷಾ ಕಾಯಿದೆಯಾಗಿ ಕನ್ನಡಕ್ಕೆ ಆಡಳಿತದ ಗದ್ದುಗೆ ದೊರೆಯಿತು. ತಹಶೀಲ್ದಾರರಿಗೆ ಬರೆಯುವ ಅರ್ಜಿ ಕನ್ನಡವಾಯಿತು. ಆದರೆ ಕಂಪನಿಗೆ ಬರೆಯುವ ಅರ್ಜಿ ಇಂಗ್ಲಿಷಿನಲ್ಲಿಯೇ ಉಳಿಯಿತು. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿನಾಡಿನಲ್ಲಿ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯ ಅಥವಾ ನಾಲ್ಕನೆಯ ಭಾಷೆ.

ಸಂವಿಧಾನದ 371ಜೆ ವಿಧಿಯ ಉಪಕಾರವನ್ನು ಇಲ್ಲಿ ಮರೆಯುವಂತಿಲ್ಲ. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯ ಫಲವಾಗಿ ಹೈದರಾಬಾದ್ ಕರ್ನಾಟಕದ, ಎಂದರೆ 2019ರಿಂದ ಕಲ್ಯಾಣ ಕರ್ನಾಟಕವೆನಿಸಿದ ಈ ಭಾಗದ, ಅಭ್ಯರ್ಥಿಗಳಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ಮೀಸಲಾತಿ ದೊರೆತಿದೆ. ಕಾಲೇಜಿನ ಬಾಗಿಲು ಅದರಿಂದ ತೆರೆದುದೂ ನಿಜ. ಆದರೆ ಬೆಂಗಳೂರಿನ ಖಾಸಗಿ ಕಾರ್ಖಾನೆಯ ಅಧಿಕಾರಿಯ ಮೇಜಿನ ಮೇಲೆ ಬಂದು ಬೀಳುವ ಪತ್ರಗಳ ರಾಶಿಯಲ್ಲಿ ಯಾವ ವಿಧಿಯ ಮೀಸಲಾತಿಯೂ ಇಲ್ಲ. ಅಲ್ಲಿ ಆ ಪುಟ ಒಂಟಿಯಾಗಿ ನಿಲ್ಲಬೇಕು.

ಒಂದು ರಾತ್ರಿಯ ಪತ್ರ

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ದೇವಸುಗೂರಿನವಳು; ಪಾಲಿಟೆಕ್ನಿಕ್ಕಿನಲ್ಲಿ ವಿದ್ಯುತ್ ಶಾಸ್ತ್ರವನ್ನು ಅಭ್ಯಾಸ ಮಾಡುತ್ತಿರುವವಳು. ಬೆಂಗಳೂರಿನ ಒಂದು ವಿದ್ಯುದುಪಕರಣ ಕಾರ್ಖಾನೆಗೆ ಪತ್ರ ಬರೆಯಬೇಕಾಗಿದೆ. ಹತ್ತನೆಯ ತರಗತಿಯವರೆಗೆ ಓದಿದುದು ಕನ್ನಡ ಮಾಧ್ಯಮದಲ್ಲಿ. ಊಟವಾದ ಮೇಲೆ ದೀಪದಡಿ ಕುಳಿತು, ಮೊಬೈಲಿನಲ್ಲಿ ಹುಡುಕಿ, ಮಾದರಿ ಪತ್ರವೊಂದನ್ನು ಎದುರಿಗಿಟ್ಟುಕೊಂಡು ಬರೆಯುತ್ತಾಳೆ. ಆ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ಗೌರವಾನ್ವಿತ ಮಹಾಶಯರೇ, ತಮ್ಮ ಸುಪ್ರಸಿದ್ಧ ಸಂಸ್ಥೆಯ ಭಾಗವಾಗುವುದು ನನ್ನ ಬಹುದಿನದ ಕನಸಾಗಿರುತ್ತದೆ. ನಾನು ಕಠಿಣ ಪರಿಶ್ರಮಿಯೂ, ಉತ್ಸಾಹಿಯೂ, ಬೇಗನೆ ಕಲಿಯತಕ್ಕವಳೂ, ತಂಡದಲ್ಲಿ ದುಡಿಯತಕ್ಕವಳೂ ಆಗಿರುತ್ತೇನೆ. ದಯವಿಟ್ಟು ಒಂದು ಅವಕಾಶವನ್ನು ದಯಪಾಲಿಸಬೇಕೆಂದು ವಿನಮ್ರವಾಗಿ ಬೇಡಿಕೊಳ್ಳುತ್ತೇನೆ."

ಇದರಲ್ಲಿ ವ್ಯಾಕರಣದ ದೋಷವನ್ನು ಹುಡುಕಿದರೆ ಸಿಕ್ಕಲಾರದು. ಆದರೆ ಈ ಹುಡುಗಿಯನ್ನು ಹುಡುಕಿದರೂ ಸಿಕ್ಕಲಾರಳು. ಈ ಮೂರು ವಾಕ್ಯಗಳ ಕೆಳಗೆ ದೇಶದ ಯಾವ ಊರಿನ ಯಾವ ವಿದ್ಯಾರ್ಥಿಯಾದರೂ ರುಜು ಹಾಕಬಹುದು. ದಿನಕ್ಕೆ ನೂರು ಪತ್ರಗಳನ್ನು ಓದುವ ಅಧಿಕಾರಿಗೆ ತೊಂಬತ್ತರಲ್ಲಿ ಇದೇ ಕನಸು, ಇದೇ ಪರಿಶ್ರಮ, ಇದೇ ವಿನಮ್ರತೆ ಕಾಣುವಾಗ ಆತನ ಕೈ ತಾನಾಗಿಯೇ ಮುಂದಿನ ಪತ್ರಕ್ಕೆ ಹೋದರೆ ಆಶ್ಚರ್ಯವೇನು?

ಅದೇ ಹುಡುಗಿ ಅದೇ ಸಂಜೆ ಅಡಿಗೆಮನೆಯಲ್ಲಿ ಬೇರೊಂದು ರೀತಿಯಲ್ಲಿ ಮಾತನಾಡಿದ್ದಳು. "ಹೊಲದ ಮೋಟಾರು ಮತ್ತ ಸುಟ್ತಂತ. ಯಾಕ ಹಿಂಗಾಗ್ತೈತಿ?" ಎಂದು ಅವ್ವ ಕೇಳಿದ್ದಕ್ಕೆ, "ಮೂರು ತಂತಿಯೊಳಗ ಒಂದರಾಗ ಕರೆಂಟ್ ಬರಂಗಿಲ್ಲ ಬೇ. ಮೂರು ಎತ್ತು ಎಳೀಬೇಕಾದ ಭಾರ ಎರಡೇ ಎತ್ತು ಎಳದ್ರ ಏನಾಗ್ತೈತಿ? ಮೋಟಾರಿಗೂ ಹಂಗ" ಎಂದು ವಿವರಿಸಿದ್ದಳು. ಚಿಕ್ಕಪ್ಪನ ಪಂಪುಸೆಟ್ಟಿಗೆ ವಿದ್ಯುತ್ತು ಯಾವ ಗಂಟೆಗೆ ಬರುತ್ತದೆ, ಯಾವ ಗಂಟೆಗೆ ಹೋಗುತ್ತದೆ, ಒತ್ತಡ ಎಷ್ಟಿತ್ತು ಎಂಬುದನ್ನು ಬೇಸಗೆಯ ರಜೆಯಲ್ಲಿ ನಲವತ್ತು ದಿನ ನೋಟುಬುಕ್ಕಿನಲ್ಲಿ ಬರೆದಿಟ್ಟವಳು ಇವಳೇ. ಈ ಯಾವ ಸಂಗತಿಯೂ ಪತ್ರದೊಳಕ್ಕೆ ಬರಲಿಲ್ಲ. ಇಂಥವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಾರೆಯೇ ಎಂಬ ಸಂಕೋಚ ಅವಳನ್ನು ತಡೆಯಿತು.

ಎರಡನೆಯ ಭಾಷೆ ಮನುಷ್ಯನಿಗೆ ಮಾಡುವ ದೊಡ್ಡ ಅನ್ಯಾಯ ಇದೇ. ವ್ಯಾಕರಣದ ತಪ್ಪುಗಳು ಅದರ ಮುಂದೆ ಸಣ್ಣವು. ತಾಯ್ನುಡಿಯಲ್ಲಿ ಮೊದಲು ವಿಚಾರ ಬರುತ್ತದೆ, ಮಾತು ಅದರ ಹಿಂದೆ ನಡೆದುಬರುತ್ತದೆ. ಅರೆಬರೆ ಬಲ್ಲ ಭಾಷೆಯಲ್ಲಿ ಬರೆಯುವಾಗ ಮೊದಲು ಮಾತನ್ನು ಹುಡುಕಿ, ಸಿಕ್ಕಿದ ಮಾತಿಗೆ ಹೊಂದುವ ವಿಚಾರವನ್ನು ಮಾತ್ರ ಬರೆಯುವ ಅಭ್ಯಾಸ ಹತ್ತಿಕೊಳ್ಳುತ್ತದೆ. ಹೀಗಾಗಿ ಇಪ್ಪತ್ತು ವರ್ಷದ ಬುದ್ಧಿವಂತೆ ಕಾಗದದ ಮೇಲೆ ಹತ್ತು ವರ್ಷದ ಬಾಲೆಯಾಗಿಬಿಡುತ್ತಾಳೆ.

ಉಭಯ ಕುಶಲೋಪರಿ

ಇದಕ್ಕೆ ಪತ್ರದ ಕ್ರಮದಲ್ಲಿರುವ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಹಿರಿಯರು ಬರೆಯುತ್ತಿದ್ದ ಕನ್ನಡ ಕಾಗದದ ಆರಂಭ 'ಉಭಯ ಕುಶಲೋಪರಿ ಸಾಂಪ್ರತ'. ಅತ್ತಣ ಕ್ಷೇಮ, ಇತ್ತಣ ಕ್ಷೇಮ, ಮಳೆ ಬೆಳೆ ಎಲ್ಲ ಮುಗಿದು, 'ತರುವಾಯ' ಎಂಬ ಮಾತು ಬಂದಾಗ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ವಿಷಯ ಅಲ್ಲಿಂದ ಮುಂದೆ. ನೇರವಾಗಿ ವಿಷಯಕ್ಕೆ ಬರುವುದು ಒರಟುತನವೆಂಬುದು ಆ ಸಂಸ್ಕಾರ. ಕನ್ನಡದ ವಾಕ್ಯವೂ ಹಾಗೆಯೇ ನಡೆಯುತ್ತದೆ: ಕಾರಣಗಳೆಲ್ಲ ಮುಂದೆ, ಕ್ರಿಯಾಪದ ಕೊನೆಯಲ್ಲಿ. 'ಇಂಥ ಇಂಥ ಕಾರಣಗಳಿಂದ, ಆದುದರಿಂದ, ದಯವಿಟ್ಟು' ಎಂದು ಬೇಡಿಕೆ ತುತ್ತತುದಿಯಲ್ಲಿ ಬರುತ್ತದೆ.

ಇಂಗ್ಲಿಷ್ ಪತ್ರವನ್ನು ಓದುವ ಅಧಿಕಾರಿಯ ಅಭ್ಯಾಸ ಇದಕ್ಕೆ ವಿರುದ್ಧ. ಯಾರು, ಯಾವ ಕೆಲಸಕ್ಕಾಗಿ, ಯಾವ ತಿಂಗಳಿನಿಂದ ಎಂಬುದು ಆತನಿಗೆ ಮೊದಲ ಎರಡು ಸಾಲಿನಲ್ಲಿ ಬೇಕು. ಕಾರಣಗಳನ್ನು ಆಮೇಲೆ ಓದಿಯಾನು. ಇದರಲ್ಲಿ ಒಂದು ಭಾಷೆ ಮೇಲು, ಇನ್ನೊಂದು ಕೀಳು ಎಂಬ ಮಾತಿಲ್ಲ. ಇವು ಎರಡು ಮನೆಗಳ ಎರಡು ಪದ್ಧತಿಗಳು. ಒಂದು ಮನೆಯಲ್ಲಿ ಕಾಲು ತೊಳೆದು ಒಳಗೆ ಬರಬೇಕು, ಇನ್ನೊಂದರಲ್ಲಿ ಬಾಗಿಲಲ್ಲೇ ಹೆಸರು ಹೇಳಬೇಕು. ತಿಳಿದಿದ್ದರೆ ಎರಡೂ ಕಷ್ಟವಲ್ಲ.

ಗೌರವದ ಮಾತಿನಲ್ಲಿಯೂ ಇದೇ ತೊಡಕು. ಕನ್ನಡದಲ್ಲಿ ನೀನು, ನೀವು, ತಾವು ಎಂದು ಮೆಟ್ಟಿಲುಗಳಿವೆ. ಇಂಗ್ಲಿಷಿನಲ್ಲಿ ಇರುವುದು ಒಂದೇ ಮೆಟ್ಟಿಲು. ಅದು ಬರಿದೆನಿಸಿ, ಮರ್ಯಾದೆಗೆ ಕೊರತೆಯಾದೀತೆಂದು ವಿದ್ಯಾರ್ಥಿಗಳು ಸಾಲುಸಾಲಿಗೆ 'ಸರ್' ಎಂದೂ, 'ವಿನಮ್ರವಾಗಿ' ಎಂದೂ, 'ಬೇಡಿಕೊಳ್ಳುತ್ತೇನೆ' ಎಂದೂ ತುಂಬುತ್ತಾರೆ. ಬ್ರಿಟಿಷರ ಕಾಲದ ಅರ್ಜಿಗಳಿಂದ ಇಳಿದುಬಂದ ಈ ಬೇಡುವ ಧಾಟಿ ಆಂಗ್ಲರ ನಾಡಿನಲ್ಲಿಯೇ ಹಳತಾಗಿ ಹೋಗಿದೆ. ಸಂಬೋಧನೆಯಲ್ಲಿ ಒಮ್ಮೆ, ಕೊನೆಯ ವಂದನೆಯಲ್ಲಿ ಒಮ್ಮೆ ತೋರಿಸಿದ ಮರ್ಯಾದೆ ಧಾರಾಳವಾಗಿ ಸಾಕು. ಹೇಳುವುದನ್ನು ಚುಟುಕಾಗಿ ಹೇಳಿ ಓದುವವರ ಹೊತ್ತನ್ನು ಉಳಿಸುವುದೂ ಒಂದು ಮರ್ಯಾದೆಯೇ.

ಇಬ್ಬರು ದೊಡ್ಡ ಅರ್ಜಿದಾರರು

ಲೋಕದಲ್ಲಿ ಪ್ರಸಿದ್ಧವಾದ ಕೆಲಸ ಕೇಳುವ ಪತ್ರಗಳಲ್ಲಿ ಒಂದು ಲಿಯೊನಾರ್ಡೊ ಡ ವಿಂಚಿಯದು. ಸುಮಾರು 1482ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಆತ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗಾಗಿ ಅದನ್ನು ಸಿದ್ಧಪಡಿಸಿದ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನಿನಲ್ಲಿ ಲಿಯೊನಾರ್ಡೊನಿಗೆ ಪರಿಣತಿ ಇರಲಿಲ್ಲ. ತನ್ನನ್ನು ಅಕ್ಷರಬಾರದವನೆಂದು ಕರೆದುಕೊಂಡದ್ದೂ ಉಂಟು. ಉಳಿದುಬಂದಿರುವ ಆ ಪತ್ರದ ಪ್ರತಿಯ ಕೈಬರಹವೂ ಆತನದಲ್ಲ, ಇನ್ನೊಬ್ಬರದು. ಆದರೆ ಒಳಗಿನ ಸರಕು ಪೂರ್ತಿಯಾಗಿ ಆತನದೇ. ಹೊತ್ತೊಯ್ಯಬಹುದಾದ ಹಗುರ ಸೇತುವೆಗಳು, ಕೋಟೆಯನ್ನು ಕೆಡಹುವ ವಿಧಾನಗಳು, ಮುಚ್ಚಿದ ಯುದ್ಧರಥಗಳು ಎಂದು ತಾನು ಮಾಡಬಲ್ಲ ಕೆಲಸಗಳನ್ನು ಒಂದೊಂದಾಗಿ ಎಣಿಸಿ, ಚಿತ್ರಕಲೆಯ ಮಾತನ್ನು ಕೊನೆಯಲ್ಲಿ ಹೇಳಿದ್ದಾನೆ. ಯುದ್ಧದ ಚಿಂತೆಯಲ್ಲಿದ್ದ ಒಡೆಯನಿಗೆ ಮೊದಲು ಬೇಕಾದುದೇನೆಂಬುದು ಆತನಿಗೆ ಗೊತ್ತಿತ್ತು.

ಎರಡನೆಯವರು ಹತ್ತಿರದವರು. ತಮಿಳು ಮನೆಮಾತಿನ ಶ್ರೀನಿವಾಸ ರಾಮಾನುಜನ್ 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿ, ಇಂಗ್ಲಿಷ್ ಪ್ರಬಂಧದಲ್ಲಿ ಅನುತ್ತೀರ್ಣರಾಗಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಅದೇ ರಾಮಾನುಜನ್, ಮದರಾಸಿನ ಬಂದರು ಕಚೇರಿಯಲ್ಲಿ ವರ್ಷಕ್ಕೆ 20 ಪೌಂಡಿನ ಗುಮಾಸ್ತರಾಗಿದ್ದಾಗ, 1913ರ ಜನವರಿ 16ರಂದು ಕೇಂಬ್ರಿಡ್ಜಿನ ಜಿ. ಎಚ್. ಹಾರ್ಡಿಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದರು. ಅದಕ್ಕೆ ಮೊದಲು ಅಲ್ಲಿಯ ಬೇರೆ ಗಣಿತಜ್ಞರಿಂದ ಅವರಿಗೆ ಪ್ರೋತ್ಸಾಹ ದೊರೆತಿರಲಿಲ್ಲ. ತಾನು ಯಾರು, ಎಲ್ಲಿ ಕೆಲಸದಲ್ಲಿದ್ದೇನೆ, ಸಂಬಳವೆಷ್ಟು, ಪದವಿಯಿಲ್ಲದೆ ಏನನ್ನು ಮಾಡಿದ್ದೇನೆ ಎಂಬುದನ್ನು ಆರಂಭದಲ್ಲಿಯೇ ಹೇಳಿ, ಸುಮಾರು 120 ಸೂತ್ರಗಳನ್ನು ಅದರೊಡನೆ ಇಟ್ಟರು. ಹಾರ್ಡಿಯವರನ್ನು ಕುರ್ಚಿಯಿಂದ ಎಬ್ಬಿಸಿದುದು ಆ ಪತ್ರದ ಇಂಗ್ಲಿಷಲ್ಲ; ಲೋಕದಲ್ಲಿ ಬೇರೆ ಯಾರೂ ಬರೆಯಲಾರದಿದ್ದ ಆ ಸೂತ್ರಗಳು. 1914ರ ಮಾರ್ಚಿಯಲ್ಲಿ ರಾಮಾನುಜನ್ ಹಡಗನ್ನೇರಿದರು.

ದೇವಸುಗೂರಿನ ಹುಡುಗಿಯಿಂದ ಯಾರೂ 120 ಸೂತ್ರಗಳನ್ನು ಕೇಳುವುದಿಲ್ಲ. ಆದರೆ ಆಕೆಯ ನಲವತ್ತು ದಿನಗಳ ನೋಟುಬುಕ್ಕು ಆ ಸೂತ್ರಗಳ ಜಾತಿಗೇ ಸೇರಿದ್ದು. ಬೇರೆ ಯಾರೂ ಅದನ್ನು ಆಕೆಯ ಪರವಾಗಿ ಬರೆಯಲಾರರು.

ಮೊದಲು ಕನ್ನಡದಲ್ಲಿ

ಹಾಗಾದರೆ ಆಕೆ ಮಾಡಬೇಕಾದುದೇನು? ಇಂಗ್ಲಿಷನ್ನು ಪಕ್ಕಕ್ಕಿಟ್ಟು ಮೊದಲು ಒಂದು ಹಾಳೆಯ ಮೇಲೆ ಕನ್ನಡದಲ್ಲಿ, ಅಕ್ಕನಿಗೆ ಹೇಳುವಷ್ಟು ಸರಳವಾಗಿ, ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ಯಾವ ಕೆಲಸವನ್ನು ಕಲಿಯಬೇಕಾಗಿದೆ? ಅದಕ್ಕೆ ಹತ್ತಿರವಾದುದನ್ನು ಈ ಕೈಗಳು ಎಂದು, ಎಲ್ಲಿ, ಎಷ್ಟು ಮಾಡಿವೆ? ಬೇರೆ ಕಂಪನಿಗಳನ್ನು ಬಿಟ್ಟು ಈ ಕಂಪನಿಗೇ ಏಕೆ? ಯಾವ ದಿನದಿಂದ ಯಾವ ದಿನದವರೆಗೆ ಬರಲು ಸಾಧ್ಯ? ಕೊನೆಯ ಪ್ರಶ್ನೆ ಸಣ್ಣದೆಂದು ತೋರಿದರೂ, ಪರೀಕ್ಷೆಯ ದಿನಗಳನ್ನು ತಿಳಿಸದ ಪತ್ರದಿಂದ ಅಧಿಕಾರಿಗೆ ಉಪಯೋಗವಿಲ್ಲ.

ಈ ಉತ್ತರಗಳಲ್ಲಿ ಗುಣವಾಚಕಗಳಿಗೆ ಜಾಗ ಕಡಿಮೆ, ಸಂಗತಿಗಳಿಗೆ ಹೆಚ್ಚು. 'ಪರಿಶ್ರಮಿ' ಎಂಬುದರ ಜಾಗದಲ್ಲಿ 'ನಲವತ್ತು ದಿನ ಬರೆದಿಟ್ಟೆ' ಎಂದು ಬಂದರೆ ಪರಿಶ್ರಮವನ್ನು ಓದುವವನೇ ಕಂಡುಕೊಳ್ಳುತ್ತಾನೆ. ಈ ಸೀಮೆಯ ಮಕ್ಕಳಿಗೆ ಇಂಥ ಸಂಗತಿಗಳ ಬಡತನವಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ತಲುಪುವ ಕಷ್ಟವನ್ನು ಮಾನ್ವಿಯ ಹುಡುಗ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಹತ್ತಿಯ ತೇವ ಹೆಚ್ಚಾದರೆ ಬೆಲೆ ಹೇಗೆ ಇಳಿಯುತ್ತದೆ ಎಂಬುದು ರಾಯಚೂರಿನ ಮಾರುಕಟ್ಟೆಗೆ ಗಾಡಿಯೊಡನೆ ಬಂದವನಿಗೆ ತಿಳಿದಿದೆ. ಹಾರುಬೂದಿ ಇಟ್ಟಿಗೆಯಾಗಿಯೂ ಸಿಮೆಂಟಿನ ಭಾಗವಾಗಿಯೂ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಶಕ್ತಿನಗರದ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಇವು ಪತ್ರದಲ್ಲಿ ಮುಚ್ಚಿಡತಕ್ಕ ಹಳ್ಳಿತನವಲ್ಲ, ಇವೇ ಅರ್ಹತೆ.

ಕನ್ನಡದ ಹಾಳೆ ಸಿದ್ಧವಾದ ಮೇಲೆ ಇಂಗ್ಲಿಷಿನ ಸರದಿ. ಒಂದು ವಾಕ್ಯಕ್ಕೆ ಒಂದೇ ಸಂಗತಿ. ತಿಳಿದ ಮಾತು ಇರುವಾಗ ತಿಳಿಯದ ಮಾತಿಗೆ ಕೈಚಾಚದಿರುವುದು. ಬೇಡಿಕೆ ಮೊದಲು, ಕಾರಣ ಅನಂತರ. ಹೀಗೆ ಬರೆದ ಎರಡನೆಯ ಪತ್ರದ ತಾತ್ಪರ್ಯ ಇಷ್ಟಾಗಬಹುದು:

"ನಾನು ಡಿಪ್ಲೊಮಾದ ಕೊನೆಯ ವರ್ಷದ ವಿದ್ಯಾರ್ಥಿನಿ. ಜನವರಿಯಿಂದ ನಾಲ್ಕು ತಿಂಗಳು ನಿಮ್ಮ ಮೋಟಾರು ಪರೀಕ್ಷಾ ವಿಭಾಗದಲ್ಲಿ ಕೆಲಸ ಕಲಿಯಲು ಅರ್ಜಿ ಸಲ್ಲಿಸುತ್ತಿದ್ದೇನೆ. ನಮ್ಮ ಊರಿನಲ್ಲಿ ಪಂಪುಸೆಟ್ಟುಗಳು ಪದೇಪದೇ ಸುಡುತ್ತವೆ. ಕಾರಣ ತಿಳಿಯಲು ಒಂದು ಪಂಪುಸೆಟ್ಟಿನ ವಿದ್ಯುತ್ ಒತ್ತಡವನ್ನು ನಲವತ್ತು ದಿನ ದಾಖಲಿಸಿದೆ. ಅದರ ಪಟ್ಟಿಯನ್ನು ಲಗತ್ತಿಸಿದ್ದೇನೆ. ಇಂಥ ಮೋಟಾರನ್ನು ಕಾರ್ಖಾನೆಯಲ್ಲಿ ಹೇಗೆ ಪರೀಕ್ಷಿಸುತ್ತಾರೆಂಬುದನ್ನು ತಿಳಿಯಬೇಕೆಂಬುದು ನನ್ನ ಅಪೇಕ್ಷೆ."

ಇದನ್ನು ಇಂಗ್ಲಿಷಿಗೆ ತರಲು ಹೈಸ್ಕೂಲಿನ ಭಾಷೆಯೇ ಸಾಕು. ಆದರೂ ಕಳುಹಿಸುವ ಮೊದಲು ಬಲ್ಲವರೊಬ್ಬರ ಕೈಯಲ್ಲಿ ಓದಿಸುವುದು ಒಳ್ಳೆಯದು. ನೆರವು ಪಡೆಯುವುದು ಅವಮಾನವಲ್ಲ. ರಾಮಾನುಜನ್ ಅವರ ಪತ್ರಕ್ಕೂ ಸ್ನೇಹಿತರ ಸಹಾಯವಿತ್ತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಹೆಸರಿನ ಕಾಗುಣಿತದ ಮೇಲೂ ಒಂದು ಕಣ್ಣಿರಬೇಕು. ಊರಿನ ಹೆಸರನ್ನೇ ಕನ್ನಡದಲ್ಲಿ ದೇವಸುಗೂರು, ದೇವಸೂಗೂರು ಎಂದು ಎರಡು ಬಗೆಯಾಗಿ ಬರೆಯುವುದುಂಟು. ಸೂಗಪ್ಪ, ಸೂಗಮ್ಮ ಎಂಬ ಹೆಸರುಗಳು ಇಂಗ್ಲಿಷ್ ಲಿಪಿಗೆ ಹೋದಾಗ ಇನ್ನೂ ಹಲವು ರೂಪ ತಾಳುತ್ತವೆ. ಅಂಕಪಟ್ಟಿಯಲ್ಲಿ ಇರುವ ರೂಪವೇ ಪತ್ರದಲ್ಲಿಯೂ ಇರಲಿ.

ಯಂತ್ರದ ಬರಹಗಾರ

ಈಗ ಕಚೇರಿಯ ಮುಂದಿನ ಅರ್ಜಿ ಬರೆಯುವವರ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ. ಹೇಳಿದ ಕ್ಷಣದಲ್ಲಿ ಇಂಗ್ಲಿಷ್ ಪತ್ರವನ್ನು ಹೊಸೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರವೇ ಆತ. ಅವನನ್ನು ಹತ್ತಿರ ಸೇರಿಸಬಾರದೆಂದರೆ ಯಾರೂ ಕೇಳರು, ಕೇಳಬೇಕಾಗಿಯೂ ಇಲ್ಲ. ಕನ್ನಡದ ಹಾಳೆಯನ್ನು ಅವನ ಮುಂದಿಟ್ಟರೆ ಇಂಗ್ಲಿಷಿಗೆ ತರಲು ಸಹಾಯ ಮಾಡಿಯಾನು, ಕಾಗುಣಿತವನ್ನೂ ತಿದ್ದಿಯಾನು. ಆದರೆ ಹಾಳೆಯಿಲ್ಲದೆ ಅವನ ಮುಂದೆ ಹೋದವರಿಗೆ ಅವನು ಕೊಡುವುದು ಅದೇ ಹಳೆಯ ಕನಸು, ಅದೇ ಹಳೆಯ ಪರಿಶ್ರಮ. ಇಸ್ತ್ರಿ ಮಾತ್ರ ಹೊಸದು. ಅಲ್ಲದೆ ಕೇಳದಿದ್ದ ಯೋಗ್ಯತೆಗಳನ್ನೂ ಒಮ್ಮೊಮ್ಮೆ ಸೇರಿಸಿಬಿಡುತ್ತಾನೆ. ಪತ್ರದ ಪ್ರತಿಯೊಂದು ಮಾತನ್ನೂ ಬರೆದವಳು ತನ್ನ ಬಾಯಿಂದ ವಿವರಿಸಬಲ್ಲಳೇ ಎಂಬುದೇ ಇದಕ್ಕೆ ಒರೆಗಲ್ಲು. ವಿವರಿಸಲಾರದ ಮಾತು ಸಂದರ್ಶನದಲ್ಲಿ ಎದುರಾಳಿಯ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ತನ್ನ ಅರ್ಜಿಯಲ್ಲಿ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ ಆ ಹಿಂದಿನ ರೈತನ ಸ್ಥಿತಿ, ಡಿಪ್ಲೊಮಾ ಓದಿದ ಮೊಮ್ಮಗಳಿಗೆ ಬರಬಾರದು.

ಮನೆಯ ಹಿರಿಯರಿಗೂ ಇಲ್ಲಿ ಒಂದು ಕೆಲಸವಿದೆ. ಹಳೆಯ ಉಮೇದುವಾರನಂತೆ ಸಂಬಳವಿಲ್ಲದೆ ದುಡಿಸಿಕೊಳ್ಳುವವರು ಇಂದೂ ಇದ್ದಾರೆ. ಪ್ರಮಾಣಪತ್ರ ಕೊಡುತ್ತೇವೆಂದು ವಿದ್ಯಾರ್ಥಿಯಿಂದಲೇ ಹಣ ಕೇಳುವವರೂ ಇದ್ದಾರೆ. ಸಹಾಯಧನ ಎಷ್ಟು, ತಂಗುವ ವ್ಯವಸ್ಥೆ ಏನು, ಕಲಿಸುವವರು ಯಾರು ಎಂದು ಉತ್ತರ ಬಂದ ಮೇಲೆ ಕೇಳುವುದು ದುರಾಶೆಯಲ್ಲ. ಬೆಂಗಳೂರಿನ ಬಾಡಿಗೆಯನ್ನು ಭರಿಸಬೇಕಾದವರು ಊರಿನಲ್ಲಿರುವ ಅಪ್ಪ ಅವ್ವಂದಿರು ತಾನೆ?

ಓದುವವರ ಕರ್ತವ್ಯ

ಪತ್ರದ ಇನ್ನೊಂದು ತುದಿಯಲ್ಲಿ ಕುಳಿತವರಿಗೆ ಹೇಳತಕ್ಕ ಮಾತೂ ಒಂದಿದೆ. ಕಾರ್ಖಾನೆಯ ನೆಲದ ಮೇಲೆ ಕೆಲಸ ನಡೆಯುವುದು ಕನ್ನಡ, ತೆಲುಗು, ಹಿಂದಿ, ಉರ್ದುಗಳ ಬೆರಕೆಯಲ್ಲಿ. ಯಂತ್ರದ ಕೈಪಿಡಿಯನ್ನು ಓದುವಷ್ಟು ಇಂಗ್ಲಿಷ್ ಬೇಕೆಂಬುದು ನ್ಯಾಯ. ಅದಕ್ಕಿಂತ ಹೆಚ್ಚಿನ ಇಂಗ್ಲಿಷನ್ನು ಬಾಗಿಲಲ್ಲಿ ಸುಂಕವಾಗಿ ವಸೂಲು ಮಾಡಿದರೆ ಒಳಗೆ ಬರುವವರು ಚೆನ್ನಾಗಿ ಬರೆಯಬಲ್ಲವರೇ ಹೊರತು ಚೆನ್ನಾಗಿ ಕೆಲಸ ಮಾಡಬಲ್ಲವರಾಗಿರಬೇಕೆಂಬ ನಿಯಮವಿಲ್ಲ. ಒಂದು ವಿಭಕ್ತಿ ತಪ್ಪಿದ ಪತ್ರದೊಡನೆ ನಲವತ್ತು ದಿನಗಳ ಲೆಕ್ಕ ಬಂದಿದ್ದರೆ, ಲೆಕ್ಕವನ್ನು ಒಮ್ಮೆ ತೆರೆದು ನೋಡುವ ತಾಳ್ಮೆ ಹಾರ್ಡಿಯಂಥ ಮಹಾಪಂಡಿತನಿಗೆ ಇತ್ತು.

ಎರಡನೆಯ ಭಾಷೆ ಯಾವಾಗಲೂ ಗೋಡೆಯಾಗಿಯೇ ಇರಬೇಕೆಂದೇನೂ ಇಲ್ಲ. ರಾಯಚೂರು ಸೀಮೆಯ ಹೆಂಬೇರಾಳಿನ ಶಾಂತರಸರು (1924-2008) ಬೆಳೆದುದು ಉರ್ದುವಿನ ಆಡಳಿತದಲ್ಲಿ. ಕಚೇರಿಯ ಭಾಷೆಯೆಂದು ಅದನ್ನು ದೂರವಿಡದೆ, ಅದರ ಕಾವ್ಯವನ್ನು ಒಲಿಸಿಕೊಂಡು, ಗಜಲನ್ನು ಕನ್ನಡದಲ್ಲಿ ನೆಲೆಗೊಳಿಸಿದವರಲ್ಲಿ ಅವರು ಪ್ರಮುಖರಾದರು. 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ತಾಯ್ನುಡಿಯಲ್ಲಿ ಕಾಲೂರಿ ನಿಂತವನಿಗೆ ಇನ್ನೊಂದು ನುಡಿ ಕೈಗೆ ಬಂದ ಉಪಕರಣವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಚೆನ್ನಾಗಿ ಬರೆದ ಪತ್ರಕ್ಕೆಲ್ಲ ಉತ್ತರ ಬಂದೇ ಬರುತ್ತದೆಂದು ಭರವಸೆ ಕೊಡಲು ಯಾರಿಂದಲೂ ಆಗದು. ಹತ್ತು ಕಳುಹಿಸಿದರೆ ಒಂದಕ್ಕೆ ಬಂದೀತು. ಆ ಒಂದೂ ಕೆಲವೊಮ್ಮೆ ಬಾರದೆ ಹೋದೀತು. ಹಾಗಾದರೂ ಕನ್ನಡದ ಆ ಹಾಳೆ ವ್ಯರ್ಥವಾಗುವುದಿಲ್ಲ. ತಾನು ಇಷ್ಟು ವರ್ಷಗಳಲ್ಲಿ ಏನನ್ನು ಕಲಿತೆ, ಮುಂದೆ ಏನನ್ನು ಕಲಿಯಬೇಕು ಎಂಬುದನ್ನು ಒಬ್ಬ ತರುಣಿ ತನ್ನದೇ ಮಾತಿನಲ್ಲಿ ಮೊದಲ ಬಾರಿಗೆ ಬರೆದುಕೊಂಡ ಕಾಗದ ಅದು. ಮುಂದಿನ ಪತ್ರಕ್ಕೆ, ಅದರ ಮುಂದಿನ ಪತ್ರಕ್ಕೆ ಅದೇ ಬೀಜ. ಬರೆಯದೆ ಬಿಟ್ಟ ಪತ್ರಕ್ಕೆ ಮಾತ್ರ ಉತ್ತರ ಬರುವ ದಾರಿಯೇ ಇಲ್ಲ.